ಕಲ್ಲು ಹಾಕಿದ ಮಹನೀಯರು

ಹಿರೇಕೊಟ್ನೆಕಲ್ಲಿನ ನಮ್ಮ ಹೋಟೆಲಿನಲ್ಲಿ ಮಂಡಾಳ ಒಗ್ಗರಣಿ ಖಾಲಿಯಾಗಿ, ಮಿರ್ಚಿಯ ಎರಡನೇ ಘಾಣ ಎಣ್ಣೆಗೆ ಬಿದ್ದ ಹೊತ್ತಿಗೆ ಸರಿಯಾಗಿ ಧಾರವಾಡದ ಹುಡುಗ ಬಾಯಿಬಿಟ್ಟ. ಹುಡುಗ ಅಪ್ಪಟ ನಮ್ಮೂರವನೇ. ಮೂರು ವರ್ಷದಿಂದ ಧಾರವಾಡದಲ್ಲಿ ರೂಮು ಮಾಡಿಕೊಂಡು ಪಿಡಿಒ, ಎಫ್‌ಡಿಎ, ಪಿಎಸ್‌ಐ ಅಂತ ಕರೆದದ್ದಕ್ಕೆಲ್ಲ ಅರ್ಜಿ ಹಾಕುತ್ತಿರುವುದರಿಂದ ಆ ಹೆಸರು ಬಿದ್ದಿದೆ. ಕೈಯಲ್ಲಿ ಸಾಮಾನ್ಯ ಜ್ಞಾನದ ಗೈಡು, ಮುಖದಲ್ಲಿ ಸಾಮಾನ್ಯರಿಗೆ ಬಾರದ ಅನುಮಾನ.

"ಕಾಕಾ, ನಮ್ಮ ರಾಯಚೂರು ಎಂಪಿಗಳು ಇಲ್ಲೀತನಕ ಎಷ್ಟು ಕಾನೂನು ಮಾಡ್ಯಾರ?"

ಹೋಟೆಲು ಗಪ್ಪಾಯಿತು. ಬಾಣಲೆಯ ಎಣ್ಣೆ ಒಂದೇ ಮಾತಾಡುತ್ತಿತ್ತು.

"ಕಾನೂನು ಅವರು ಯಾಕ ಮಾಡ್ತಾರೋ ಹುಚ್ಚಪ್ಪ," ಎಂದರು ಕಟ್ಟೆಯ ಮೇಲೆ ಕೂತಿದ್ದ ನಮ್ಮ ದೊಡ್ಡಪ್ಪ. "ಅದನ್ನ ಪೊಲೀಸರು ಮಾಡ್ತಾರ."

"ನಮ್ಮ ಮೊಮ್ಮಗಳ ಲಗ್ನಕ್ಕ ಬಂದಿದ್ರು," ಎಂದಿತು ಇನ್ನೊಂದು ದನಿ. "ಅಕ್ಕಿಕಾಳು ಹಾಕಿ, ಫೋಟೋ ತಗಸಿಕೊಂಡು, ಊಟ ಮಾಡದ ಹೋದ್ರು. ಅಷ್ಟು ಬಿಜಿ ಮನಷ್ಯಾ."

"ನಮ್ಮಪ್ಪನ ಮಣ್ಣಿಗೂ ಬಂದಿದ್ರು. ಹಾರ ಹಾಕಿದ್ರು. ಕಾರೊಂದು ಆಫ್ ಮಾಡಿರಲಿಲ್ಲ ಅಷ್ಟ."

ಲಗ್ನ, ಮಣ್ಣು, ಹೈಮಾಸ್ಟ್ ದೀಪ. ನಮ್ಮ ಕಡೆ ಸಂಸದರನ್ನು ಅಳೆಯುವ ಸೇರು, ಪಾವು, ಚಟಾಕು ಇವೇ. ಮೂರರಲ್ಲೂ ಪಾಸಾದವರು ಸಜ್ಜನರು. ಎರಡರಲ್ಲಿ ಪಾಸಾದವರು ಪರವಾಗಿಲ್ಲ. ಮೂರಕ್ಕೂ ಬಾರದೆ ದೆಹಲಿಯಲ್ಲಿ ಕೂತು ಸಂಸತ್ತಿನಲ್ಲಿ ಏನೋ ಮಾಡುತ್ತಿದ್ದಾರೆಂಬ ಸುದ್ದಿ ಬಂದರೆ, "ಗೆದ್ದಮ್ಯಾಲ ಈ ಕಡೆ ತಲಿನ ಹಾಕಿಲ್ಲ ನೋಡ್ರಿ" ಎಂಬ ಶಾಪ. ಪಾರ್ಲಿಮೆಂಟಿಗೆ ಕಳಿಸಿದ ಮನುಷ್ಯ ಪಾರ್ಲಿಮೆಂಟಿಗೆ ಹೋದ ಎಂಬುದೇ ಅವನ ಮೇಲಿನ ಆರೋಪ!

ತಪ್ಪು ನಮ್ಮದೊಂದೇ ಅಲ್ಲ, ಭಾಷೆಯದೂ ಇದೆ. ಬೆಂಗಳೂರಿಗೆ ಆರಿಸಿ ಹೋದವನನ್ನು ಕನ್ನಡ ಶಾಸಕ ಎನ್ನುತ್ತದೆ. ಶಾಸನ ಮಾಡುವವನು. ದೆಹಲಿಗೆ ಹೋದವನನ್ನು ಸಂಸದ ಎನ್ನುತ್ತದೆ. ಅಂದರೆ ಸಂಸತ್ತಿನಲ್ಲಿ ಇರುವವನು. ಇದ್ದರೆ ಆಯಿತು, ಏನಾದರೂ ಮಾಡಬೇಕೆಂಬ ಹಂಗು ಆ ಪದದಲ್ಲಿಲ್ಲ.

ಹಾಗಂತ ಶಾಸನ ಎಂದರೆ ನಮ್ಮ ಜಿಲ್ಲೆಗೆ ಗೊತ್ತಿಲ್ಲದ ಸರಕಲ್ಲ. 1915ರಲ್ಲಿ ಬೀಡನ್ ಎಂಬ ಎಂಜಿನಿಯರು ಚಿನ್ನದ ಜಾಡು ಹಿಡಿದು ಅಲೆಯುತ್ತ ಮಸ್ಕಿಯ ಬಂಡೆಯ ಮೇಲೆ ಬರವಣಿಗೆ ಕಂಡ. ಓದಿಸಿ ನೋಡಿದರೆ ಅಶೋಕ. ಅದುವರೆಗೆ ಸಿಕ್ಕ ಕಲ್ಲುಗಳೆಲ್ಲ ಬರೀ ದೇವಾನಾಂಪ್ರಿಯ ಎಂಬ ಬಿರುದು ಹೇಳಿ ಸುಮ್ಮನಾಗಿದ್ದವು. ಆ ಬಿರುದಿನವನೇ ಅಶೋಕ ಎಂದು ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಬಂಡೆ. ಬಂಡೆಯ ಮೇಲಿನ ಉಪದೇಶದ ಸಾಲುಗಳು ಅಲ್ಲಲ್ಲಿ ಸವೆದುಹೋಗಿವೆ, ಹೆಸರು ಉಳಿದಿದೆ. ನಮ್ಮ ಜಿಲ್ಲೆಯ ರಾಜಕಾರಣ ಇದರಿಂದ ಕಲಿತ ಪಾಠವೂ ಅಷ್ಟೇ: ಕೆಲಸ ಅಳಿಸಿದರೂ ಚಿಂತೆಯಿಲ್ಲ, ಹೆಸರು ಕಾಣಬೇಕು. (ಮಸ್ಕಿ ಈಗ ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಅಶೋಕನೇ ಎದ್ದು ಬಂದರೂ ನಮ್ಮ ಎಂಪಿಗೆ ಓಟು ಹಾಕಲು ಬರುವುದಿಲ್ಲ.)

ಈ ಪಾಠಕ್ಕೆ ಸರ್ಕಾರಿ ಮುದ್ರೆ ಬಿದ್ದದ್ದು 1993ರ ಡಿಸೆಂಬರಿನಲ್ಲಿ, ಸಂಸದರ ಪ್ರದೇಶಾಭಿವೃದ್ಧಿ ನಿಧಿ ಹುಟ್ಟಿದಾಗ. ಮೊದಲ ಸಲ ತಲೆಗೆ 5 ಲಕ್ಷ. ಮರುವರ್ಷ 1 ಕೋಟಿ. 1998-99ಕ್ಕೆ 2 ಕೋಟಿ. 2011-12ರಿಂದ 5 ಕೋಟಿ. ಆ ನಿಧಿಯ ನಿಯಮದಲ್ಲೇ ಇದೆ: ಕಾಮಗಾರಿ ಮಾಡಿದ ಜಾಗದಲ್ಲಿ ಫಲಕ ಹಾಕಬೇಕು, ಅದರಲ್ಲಿ ಸಂಸದರ ಹೆಸರಿರಬೇಕು. ಕಾನೂನು ಮಾಡೆಂದು ಕಳಿಸಿದವನ ಕೈಗೆ ಸಿಮೆಂಟಿನ ದುಡ್ಡು ಕೊಟ್ಟರೆ ಅವನು ಪುಸ್ತಕ ಯಾಕೆ ತೆರೆದಾನು? ರಾಯಚೂರು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರ. ಸುರಪುರ, ಶಹಾಪುರ, ಯಾದಗಿರಿಯಿಂದ ಹಿಡಿದು ಲಿಂಗಸುಗೂರು, ದೇವದುರ್ಗ, ನಮ್ಮ ಮಾನ್ವಿತನಕ. ಐದು ಕೋಟಿಯನ್ನು ಎಂಟರಿಂದ ಭಾಗಿಸಿ, ಅದನ್ನು ಹಳ್ಳಿಗಳಿಗೆ ಹಂಚಿ ನೋಡಿದರೆ ಒಂದೊಂದು ಊರಿಗೆ ಬರುವುದು ಸರಿಯಾಗಿ ಒಂದು ಕಲ್ಲಿನ ಖರ್ಚು.

ನಮ್ಮ ಪಾಲಿನ ಕಲ್ಲೂ ಬಂದಿತ್ತು. ಬಸ್ಸಿಗೆ ಕಾಯುವವರಿಗೆ ನೆರಳಾಗಲಿ ಅಂತ ತಗಡಿನ ತಂಗುದಾಣ ಕಟ್ಟಿಸಿ ಪಕ್ಕದಲ್ಲಿ ನಿಲ್ಲಿಸಿದ್ದರು. ಕರೀ ಗ್ರಾನೈಟು, ಮೂರಡಿ ಎತ್ತರ, ಬಂಗಾರದ ಬಣ್ಣ ತುಂಬಿದ ಅಕ್ಷರ. ನಾನು ಕಾಯುವ ಹೊತ್ತಿನಲ್ಲೆಲ್ಲ ಅದನ್ನೇ ಓದುತ್ತಿದ್ದೆ, ಬೇರೆ ಓದಲು ಅಲ್ಲಿ ಏನಿತ್ತು? ಉದ್ಘಾಟನೆ ಒಬ್ಬರದು, ಅಧ್ಯಕ್ಷತೆ ಇನ್ನೊಬ್ಬರದು. ಘನ ಉಪಸ್ಥಿತಿ ಇಬ್ಬರದು, ಗೌರವ ಉಪಸ್ಥಿತಿ ಆರು ಜನರದು. ವಿಶೇಷ ಆಹ್ವಾನಿತರು ಎಂಬ ತಲೆಬರಹದ ಕೆಳಗೆ, ನಮ್ಮೂರಿನಲ್ಲಿ ಓಟು ಹಾಕಿಸಬಲ್ಲವರೆಲ್ಲ ಸಾಲಾಗಿ. ಒಟ್ಟು ಇಪ್ಪತ್ಮೂರು ಹೆಸರು. ತಂಗುದಾಣದಲ್ಲಿ ಕೂಡಲು ಜಾಗ ಇದ್ದದ್ದು ಒಂಬತ್ತು ಜನಕ್ಕೆ. ಎರಡನೇ ಮುಂಗಾರಿನ ಗಾಳಿಗೆ ತಗಡು ಹಾರಿ ಯಾರದೋ ಹತ್ತಿ ಹೊಲಕ್ಕೆ ಬಿತ್ತು. ಕಂಬಗಳೂ ಒಂದೊಂದಾಗಿ ಎಲ್ಲಿಗೋ ಹೋದವು. ಕಲ್ಲು ಮಾತ್ರ ಬಹಳ ವರ್ಷ ನಿಂತಿತ್ತು, ಇಲ್ಲದ ತಂಗುದಾಣದ ಉದ್ಘಾಟನೆ ಮಾಡುತ್ತ. ಈಗ ಅದೂ ಅಲ್ಲಿಲ್ಲ.

"ಆ ತಂಗುದಾಣ ಎಂಪಿ ವೆಂಕಟೇಶ ನಾಯಕರ ಕಾಲದ್ದು," ಎಂದರು ದೊಡ್ಡಪ್ಪ.

"ಅಲ್ಲ, ಅದು ಆಮ್ಯಾಲಿಂದು," ಎಂದ ಹೋಟೆಲಿನವ.

ಪಂದ್ಯ ಬಿತ್ತು. ಸೋತವರು ಎಲ್ಲರಿಗೂ ಚಹಾ ಕುಡಿಸಬೇಕು. ಇಂಥ ವಿಷಯಕ್ಕೆ ನಮ್ಮೂರಲ್ಲಿ ಕೋರಮ್ಮಿನ ಕೊರತೆ ಎಂದೂ ಆಗುವುದಿಲ್ಲ. ಆ ಭಾಗ್ಯ ಲೋಕಸಭೆಗಿಲ್ಲ.

ಧಾರವಾಡದ ಹುಡುಗನಿಗೆ ಉತ್ತರ ಸಿಕ್ಕಿರಲಿಲ್ಲ. ಗೈಡಿನಲ್ಲಿ ಅವನಿಗೆ ಒಂದು ಸಾಲು ಸಿಕ್ಕಿತ್ತು, ಅದೇ ಅವನ ಅನುಮಾನದ ಮೂಲ. ಮಂತ್ರಿಯಲ್ಲದ ಸದಸ್ಯ ತಾನಾಗಿ ಮಂಡಿಸುವ ಮಸೂದೆಗೆ ಖಾಸಗಿ ಸದಸ್ಯರ ಮಸೂದೆ ಎಂದು ಹೆಸರು. ಸಂಸತ್ತು ಹುಟ್ಟಿದ ಲಾಗಾಯ್ತು ಎರಡೂ ಸದನ ದಾಟಿ ಕಾನೂನಾದದ್ದು ಅಂಥ 14 ಮಾತ್ರ. ಕೊನೆಯದು 1970ರಲ್ಲಿ. ಫಿರೋಜ್ ಗಾಂಧಿಯವರು ಸಂಸತ್ತಿನ ಕಲಾಪವನ್ನು ಪತ್ರಿಕೆಗಳು ನಿರ್ಭಯವಾಗಿ ಅಚ್ಚು ಹಾಕಲೆಂದು 1956ರಲ್ಲಿ ಕಾನೂನು ಮಾಡಿಸಿದ್ದು ಆ ಹದಿನಾಲ್ಕರಲ್ಲಿ ಒಂದು. 1970 ಎಂದರೆ ನಮ್ಮ ದೊಡ್ಡಪ್ಪನ ಮೀಸೆ ಇನ್ನೂ ಚಿಗುರುತ್ತಿದ್ದ ಕಾಲ. ಅಲ್ಲಿಂದೀಚೆಗೆ ದೇಶ ಚಂದ್ರನ ಮೇಲೆ ಇಳಿಯಿತು, ಮಂತ್ರಿಯಲ್ಲದ ಒಬ್ಬ ಸಂಸದನ ಕೈಯಿಂದ ಒಂದು ಕಾನೂನು ಇಳಿಯಲಿಲ್ಲ.

ಇಳಿಯಬಾರದೆಂದೇ ವ್ಯವಸ್ಥೆ ಇದೆಯೇನೋ. ಲೋಕಸಭೆಯಲ್ಲಿ ಖಾಸಗಿ ಮಸೂದೆಗೆ ಮೀಸಲಾದ ಹೊತ್ತು ಶುಕ್ರವಾರದ ಕೊನೆಯ ಎರಡೂವರೆ ತಾಸು. ಶುಕ್ರವಾರ ಸಂಜೆ ಎಂದರೆ ಏನೆಂದು ಯಾವ ಸರ್ಕಾರಿ ನೌಕರನನ್ನಾದರೂ ಕೇಳಿ. ಸಂಸದರು ಆ ಹೊತ್ತಿಗೆ ವಿಮಾನ ನಿಲ್ದಾಣದಲ್ಲಿರುತ್ತಾರೆ. ಶನಿವಾರ, ಭಾನುವಾರ ಕ್ಷೇತ್ರದಲ್ಲಿ ಲಗ್ನಗಳಿರುತ್ತವಲ್ಲ! ಇನ್ನು ಸರ್ಕಾರದ ಮಸೂದೆಗೆ ಕೈ ಎತ್ತುವುದೋ ಇಳಿಸುವುದೋ ಎಂಬುದನ್ನು ಪಕ್ಷದ ವಿಪ್ ಹೇಳುತ್ತದೆ. 1985ರಲ್ಲಿ ಹತ್ತನೇ ಅನುಸೂಚಿ ಬಂದ ಮೇಲೆ ವಿಪ್ ಮೀರಿದವನ ಸೀಟು ಹೋಗುತ್ತದೆ. ಹಾಗಾಗಿ ನಮ್ಮ ಸಂಸದರ ಕೈ ಮಾತ್ರ ಅವರದು, ಎತ್ತುವವರು ಬೇರೆ. ಕೂಡುವ ದಿನಗಳಾದರೂ ಹೆಚ್ಚೇ ಎಂದರೆ ಅದೂ ಇಲ್ಲ. ಮೊದಲ ಲೋಕಸಭೆ ತನ್ನ ಅವಧಿಯಲ್ಲಿ 677 ದಿನ ಕೂತಿತ್ತು. 2019ರಿಂದ 2024ರವರೆಗಿನ ಹದಿನೇಳನೆಯದು ಕೂತದ್ದು 274 ದಿನ. ನಮ್ಮೂರ ಹೋಟೆಲು ವರ್ಷಕ್ಕೆ ಅಮಾವಾಸ್ಯೆ ಬಿಟ್ಟು ಉಳಿದೆಲ್ಲ ದಿನ ಕೂಡುತ್ತದೆ, ಭತ್ಯೆ ಕೇಳುವುದಿಲ್ಲ.

ಭತ್ಯೆಯ ಮಾತು ಬಂತಲ್ಲ. 2025ರ ಮಾರ್ಚಿನಲ್ಲಿ ಸಂಸದರ ಸಂಬಳ ತಿಂಗಳಿಗೆ 1 ಲಕ್ಷದಿಂದ 1.24 ಲಕ್ಷಕ್ಕೆ ಏರಿತು. ಎರಡು ವರ್ಷ ಹಿಂದಿನಿಂದಲೇ ಲೆಕ್ಕ. ಪಿಂಚಣಿ 31,000. ಐದು ವರ್ಷದ ಮೇಲೆ ಸೇವೆ ಮಾಡಿದ್ದರೆ ಹೆಚ್ಚಿನ ಒಂದೊಂದು ವರ್ಷಕ್ಕೂ 2,500 ಜಾಸ್ತಿ. ಇದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ಸೋನಾ ಮಸೂರಿ ಬೆಳೆಯುವ ಊರಿನವನು ನಾನು. ಹೊಸ ಅಕ್ಕಿಗಿಂತ ಹಳೇ ಅಕ್ಕಿಗೆ ರೇಟು ಹೆಚ್ಚೆಂಬುದು ನನಗೆ ಗೊತ್ತು. ಆದರೆ ಹಳೇ ಅಕ್ಕಿ ಬೇಯಿಸಿದರೆ ಅನ್ನ ಒದಗುತ್ತದೆ.

ಹಳೇ ಅಕ್ಕಿಯ ಲೆಕ್ಕ ತೆಗೆದರೆ ನಮ್ಮ ಕ್ಷೇತ್ರದಲ್ಲಿ ಎ. ವೆಂಕಟೇಶ ನಾಯಕರನ್ನು ಮೀರಿಸಿದವರಿಲ್ಲ. 1991, 1998, 1999, 2004, ನಾಲ್ಕು ಸಲ. ಅದಕ್ಕೂ ಮುಂಚಿನವರೆಂದರೆ 1957ರಲ್ಲಿ ಡಾ. ಜಿ.ಎಸ್. ಮೇಲ್ಕೋಟೆ. ಹೈದರಾಬಾದಿನ ವೈದ್ಯರು. ರಾಯಚೂರಿನಿಂದ ಒಮ್ಮೆ ಗೆದ್ದು, ಮುಂದಿನ ಸಲ ಹೈದರಾಬಾದಿನಿಂದಲೇ ನಿಂತು, ಅಲ್ಲಿಯೇ ಗೆಲ್ಲುತ್ತ ಹೋದರು. ಬಸ್ಸು ಬರುವವರೆಗೆ ನಮ್ಮ ಕಟ್ಟೆಯ ಮೇಲೆ ಕೂತಿದ್ದರು ಅನ್ನಿ. ವೆಂಕಟೇಶ ನಾಯಕರ ಮಗ ಬಿ.ವಿ. ನಾಯಕರು 2014ರಲ್ಲಿ ಕಾಂಗ್ರೆಸ್ಸಿನಿಂದ 1,499 ಓಟಿನಲ್ಲಿ ಗೆದ್ದು ದೆಹಲಿಗೆ ಹೋದರು, 2023ರಲ್ಲಿ ಬಿಜೆಪಿಯಿಂದ ನಮ್ಮ ಮಾನ್ವಿ ವಿಧಾನಸಭೆಗೆ ನಿಂತರು. ದೆಹಲಿಯಿಂದ ಮಾನ್ವಿಗೆ ಬರಲು ಬೇರೆ ಬಸ್ಸು ಹತ್ತಬೇಕಾಗುತ್ತದೆ, ಅದರಲ್ಲೇನು ತಪ್ಪು. ಸೋತರು.

ಆದರೆ ಹುಡುಗ ಕೇಳಿದ್ದು ಕಾನೂನು. ಕಾನೂನು ಎಂದರೆ ಹೈದರಾಬಾದ್ ಕರ್ನಾಟಕದಲ್ಲಿ, ಕ್ಷಮಿಸಿ, 2019ರ ಸೆಪ್ಟೆಂಬರ್ 17ರಿಂದ ಕಲ್ಯಾಣ ಕರ್ನಾಟಕದಲ್ಲಿ, ನೆನಪಾಗುವ ಹೆಸರು ಒಂದೇ. ಆ ಹೆಸರು ಯಾವುದೆಂದು ಹೇಳುವ ಮೊದಲೇ ದೊಡ್ಡಪ್ಪ ಹೇಳಿದರು: "ಖರ್ಗೆಯವರು ಮಾಡ್ಯಾರಲ್ಲೋ. ಜೆ!"

ಮಲ್ಲಿಕಾರ್ಜುನ ಖರ್ಗೆಯವರ ಲೆಕ್ಕದ ಮುಂದೆ ನಮ್ಮ ಜಿಲ್ಲೆಯ ಲೆಕ್ಕ ಚಿಲ್ಲರೆ. 1972ರಿಂದ 2008ರವರೆಗೆ ವಿಧಾನಸಭೆಗೆ ಒಂಬತ್ತು ಸಲ, ಎಂಟು ಗುರುಮಠಕಲ್ಲಿನಿಂದ, ಒಂದು ಚಿತ್ತಾಪುರದಿಂದ. 2009ರಲ್ಲಿ, 2014ರಲ್ಲಿ ಕಲಬುರಗಿಯಿಂದ ಲೋಕಸಭೆಗೆ. ಸೋಲಿಲ್ಲದ ಸರದಾರ ಎಂಬ ಬಿರುದು. ಕಾರ್ಮಿಕ ಮಂತ್ರಿ, ಆಮೇಲೆ ರೈಲ್ವೆ ಮಂತ್ರಿ. 2014ರಲ್ಲಿ ಕಾಂಗ್ರೆಸ್ಸು 44ಕ್ಕೆ ಇಳಿದಾಗ ಅಧಿಕೃತ ವಿರೋಧ ಪಕ್ಷದ ನಾಯಕನ ಸ್ಥಾನವೂ ಸಿಗದೆ, ಬರೀ ಪಕ್ಷದ ನಾಯಕರಾಗಿ ಮುಂದಿನ ಸಾಲಿನಲ್ಲಿ ಕೂತು, ಹಿಂದಿಯಲ್ಲಿ ನಿಂತು ಮಾತಾಡಿದರು. ಐವತ್ತು ವರ್ಷ ಒಂದಲ್ಲ ಒಂದು ಸದನದಲ್ಲಿ ಕೂತವರು. ನಮ್ಮೂರ ಆಲದ ಮರಕ್ಕೂ ಅಷ್ಟು ಕೂತು ಗೊತ್ತಿಲ್ಲ, ರಸ್ತೆ ಅಗಲೀಕರಣದಲ್ಲಿ ಹೋಯಿತು.

ಇನ್ನು ಜೆ, ಅಂದರೆ ಸಂವಿಧಾನದ 371(ಜೆ). ಮಾನ್ವಿ ತಾಲ್ಲೂಕಿನ ಕೊನೆಯಲ್ಲಿ ತುಂಗಭದ್ರೆ ಹರಿಯುತ್ತದೆ, ಆಚೆ ದಂಡೆ ಕರ್ನೂಲು ಜಿಲ್ಲೆ. ಆಚೆಯವರಿಗೆ ಸಂವಿಧಾನದ 371(ಡಿ) ಬಂದದ್ದು 32ನೇ ತಿದ್ದುಪಡಿಯಿಂದ, ಜಾರಿಯಾದದ್ದು 1974ರಲ್ಲಿ. ಅವರ ಊರಿನ ನೌಕರಿ, ಕಾಲೇಜು ಸೀಟಿನಲ್ಲಿ ಅವರ ಹುಡುಗರಿಗೆ ಮೀಸಲು. ನಾವು ಈಚೆ ದಂಡೆಯಲ್ಲಿ ಎಮ್ಮೆ ಮೈತೊಳೆಯುತ್ತ ನೋಡಿದೆವು. 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿ ನಮ್ಮ ಜೊತೆ ಇದ್ದ ಮೆಹಬೂಬನಗರಕ್ಕೂ ಅದು ಸಿಕ್ಕಿತು. ನಮಗೂ ಬೇಕೆಂದು ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಗಂಟಲು ಹರಿದುಕೊಂಡರು. ವಾಜಪೇಯಿ ಸರ್ಕಾರದ ಗೃಹ ಮಂತ್ರಿ ಅಡ್ವಾಣಿಯವರು ಆಗುವುದಿಲ್ಲ ಎಂದರು. 2002ರಲ್ಲಿ ನಂಜುಂಡಪ್ಪ ವರದಿ ಬಂತು. ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ಮಾನ್ವಿ ಇತ್ತು, ದೇವದುರ್ಗವಂತೂ ಇತ್ತು. ಯಾವುದಾದರೂ ಪಟ್ಟಿಯಲ್ಲಿ ನಮ್ಮ ಹೆಸರು ಬಂತಲ್ಲ ಅಂತ ಆಗ ಕೆಲವರು ಖುಷಿಪಟ್ಟದ್ದು ನನಗೆ ನೆನಪಿದೆ.

ಕೊನೆಗೆ 2012ರಲ್ಲಿ ನಮ್ಮ ಜೆಯ ಮಸೂದೆ ಬಂತು. ಬರುವಾಗ ಅದು 118ನೇ ತಿದ್ದುಪಡಿ ಮಸೂದೆ, ಆಗುವಾಗ 98ನೇ ತಿದ್ದುಪಡಿ. ಇಪ್ಪತ್ತು ಅಂಕಿ ದಾರಿಯಲ್ಲೇ ಸೋರಿದವು. ನಮ್ಮ ಕಾಲುವೆ ನೀರಿನ ಅಭ್ಯಾಸವಿದ್ದವರಿಗೆ ಇದು ಹೊಸದೇನಲ್ಲ, ತುದಿ ಮುಟ್ಟಿತಲ್ಲ ಅದೇ ದೊಡ್ಡದು. ಡಿಸೆಂಬರಿನಲ್ಲಿ ಎರಡೂ ಸದನ ಒಪ್ಪಿದವು, 2013ರ ಜನವರಿ 1ಕ್ಕೆ ರಾಷ್ಟ್ರಪತಿ ಸಹಿ, ಅಕ್ಟೋಬರಿಗೆ ಜಾರಿ. ಆಂಧ್ರದವರಿಗಿಂತ 39 ವರ್ಷ ತಡ. ಒಂದು ತಲೆಮಾರು ಪೂರ್ತಿ ವಯಸ್ಸು ಮೀರಿ ಮನೆಗೆ ಹೋದ ಮೇಲೆ.

ಇಲ್ಲೊಂದು ತಮಾಷೆ ಇದೆ. ಸಂಸತ್ತಿನ ಕಡತ ತೆಗೆದರೆ ಆ ಮಸೂದೆ ಮಂಡಿಸಿದವರ ಹೆಸರು ಖರ್ಗೆ ಅಲ್ಲ. ಗೃಹ ಮಂತ್ರಿ ಸುಶೀಲ್‌ಕುಮಾರ್ ಶಿಂಧೆ, ಸೊಲ್ಲಾಪುರದವರು. ಖರ್ಗೆಯವರು ಆಗ ಕಾರ್ಮಿಕ ಮಂತ್ರಿ. ಹಿಂದೆ ನಿಂತು ಒತ್ತಿದ್ದು, ಸೋನಿಯಾ ಗಾಂಧಿಯವರ ಮನೆಗೂ ನಾರ್ತ್ ಬ್ಲಾಕಿಗೂ ತಿರುಗಿದ್ದು, ಬೇರೆ ರಾಜ್ಯದವರು ತಕರಾರು ತೆಗೆಯದಂತೆ ನೋಡಿಕೊಂಡದ್ದು, ಇದ್ಯಾವುದೂ ಕಡತದಲ್ಲಿ ಬರುವುದಿಲ್ಲ. ಐವತ್ತು ವರ್ಷದ ಸದನವಾಸದಲ್ಲಿ ಆ ಮನುಷ್ಯ ಮಾಡಿದ ಅತ್ಯಂತ ದೊಡ್ಡ ಶಾಸನದ ಮೇಲೆ ಅವರ ಹೆಸರೇ ಇಲ್ಲ. ಕಾನೂನಿಗೆ ಶಿಲಾಫಲಕ ಹಾಕುವ ನಿಯಮ ಇಲ್ಲವಲ್ಲ! ಆ ಕೊರತೆಯನ್ನು ಅವರ ಪಕ್ಷದವರು ಭಾಷಣದಲ್ಲಿ ತುಂಬಿಕೊಂಡರು. ನಮ್ಮ ಭಾಗದ ಕಾಂಗ್ರೆಸ್ ಸಭೆಯಲ್ಲಿ ಹತ್ತು ನಿಮಿಷ ಕಳೆದರೂ 371(ಜೆ) ಬರಲಿಲ್ಲವೆಂದರೆ ಮೈಕು ಕೆಟ್ಟಿದೆ ಎಂದೇ ತಿಳಿಯಬೇಕು. ಬಿಜೆಪಿಯವರು ಹೆಸರು ಬದಲಿಸಿದ್ದನ್ನು ಹೇಳುತ್ತಾರೆ. ಹೈದರಾಬಾದ್ ತೆಗೆದು ಕಲ್ಯಾಣ ಬರೆಸಿದ್ದಕ್ಕೆ ಖರ್ಚಾದದ್ದು ಬೋರ್ಡಿನ ಬಣ್ಣ ಮಾತ್ರ, ಕಲ್ಯಾಣ ಮಾತ್ರ ಬೋರ್ಡಿನ ಮೇಲೇ ಉಳಿಯಿತು.

ಸರಿ, ಕಾನೂನು ಮಾಡಿಸಿದವರಿಗೆ ಜನ ಏನು ಕೊಟ್ಟರು? 2019ರಲ್ಲಿ ಸೋಲಿಲ್ಲದ ಸರದಾರರು ಮೊದಲ ಸಲ ಸೋತರು. 95,452 ಓಟಿನಿಂದ. ಸೋಲಿಸಿದವರು ಡಾ. ಉಮೇಶ ಜಾಧವ್, ಮೊನ್ನೆ ಮೊನ್ನೆಯವರೆಗೆ ಅವರದೇ ಪಕ್ಷದ ಚಿಂಚೋಳಿ ಶಾಸಕರು. ಆ ಸೋಲನ್ನು ಓದುವ ಬಗೆ ಹಲವು, ಮೋದಿ ಅಲೆಯೂ ಇತ್ತು, ಒಳಗಿನ ಸಿಟ್ಟೂ ಇತ್ತು. ನನಗೆ ಕಂಡದ್ದು ಇಷ್ಟು: ಸಂವಿಧಾನದಲ್ಲಿ ಒಂದು ಅಕ್ಷರ ಸೇರಿಸಿದವನಿಗಿಂತ ಊರಲ್ಲಿ ಒಂದು ದೀಪದ ಕಂಬ ನಿಲ್ಲಿಸಿದವನು ಹೆಚ್ಚು ಕಾಣುತ್ತಾನೆ. ಕಂಬಕ್ಕೆ ಎತ್ತರ ಇದೆ, ಜೆಗೆ ಇಲ್ಲ.

2020ರ ಜೂನ್‌ನಲ್ಲಿ ಖರ್ಗೆಯವರು ಅವಿರೋಧವಾಗಿ ರಾಜ್ಯಸಭೆಗೆ ಹೋದರು, ಅಲ್ಲಿ ವಿರೋಧ ಪಕ್ಷದ ನಾಯಕರಾದರು, 2022ರ ಅಕ್ಟೋಬರಿನಲ್ಲಿ ಎಐಸಿಸಿ ಅಧ್ಯಕ್ಷರು. 2020ರ ಆ ರಾಜ್ಯಸಭೆಯ ಪಟ್ಟಿಯಲ್ಲಿ ಎಚ್.ಡಿ. ದೇವೇಗೌಡರೂ ಇದ್ದರು. ಇನ್ನೊಬ್ಬರು ರಾಯಚೂರಿನ ಅಶೋಕ ಗಸ್ತಿ. ಸವಿತಾ ಸಮಾಜದವರು, ಬಿಜೆಪಿಯ ಸಾಮಾನ್ಯ ಕಾರ್ಯಕರ್ತರಾಗಿದ್ದವರು. ಅವರ ಮೇಲೆ ವ್ಯಂಗ್ಯ ಮಾಡಲು ನನಗೆ ಬರುವುದಿಲ್ಲ. ಪ್ರಮಾಣ ವಚನ ತೆಗೆದುಕೊಂಡರು, ಕೊರೊನಾ ಬಂತು, ಒಂದು ದಿನವೂ ಅಧಿವೇಶನದಲ್ಲಿ ಕೂಡದೆ ಸೆಪ್ಟೆಂಬರ್ 17ರಂದು ತೀರಿಹೋದರು, ನಮ್ಮ ಭಾಗದ ವಿಮೋಚನೆಯ ದಿನ. ಒಂದು ಪ್ರಶ್ನೆ ಕೇಳಲೂ ಅವರಿಗೆ ಹೊತ್ತು ಸಿಗಲಿಲ್ಲ. ಹೊತ್ತು ಸಿಕ್ಕವರ ಪ್ರಶ್ನೆಗಳನ್ನು ಎಣಿಸುವಾಗ ನನಗೆ ಅವರ ನೆನಪಾಗುತ್ತದೆ.

ಹೋಟೆಲಿನಲ್ಲಿ ಹುಡುಗ ಈಗ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಫೈಲು ತೆಗೆದ. "ಜೆ ಅಂದ್ರ ಇದು ನೋಡ್ರಿ ಕಾಕಾ." ಒಳಗೆ ಅವನ 371(ಜೆ) ಪ್ರಮಾಣಪತ್ರ. ಸಹಿಯ ಮೇಲೆ ದುಂಡನೆಯ ಮೊಹರು, ಮೊಹರಿನ ಮಸಿ ಒಂದು ಕಡೆ ಹರಡಿದೆ. ಗ್ರೂಪ್ ಎ, ಬಿಯಲ್ಲಿ 75, ಸಿಯಲ್ಲಿ 80, ಡಿಯಲ್ಲಿ ಶೇ. 85ರಷ್ಟು ಸ್ಥಳೀಯರಿಗೆ, ಕಾಲೇಜು ಸೀಟಿನಲ್ಲಿ 70, ರಾಜ್ಯದ ಉಳಿದ ಕಡೆ 8 ಎಂದು ಅವನು ಮಗ್ಗಿಯಂತೆ ಒಪ್ಪಿಸಿದ. ಆ ಒಂದು ಹಾಳೆಗಾಗಿ ಅವನು ನಾಲ್ಕು ಸಲ ಒಂದು ಕಚೇರಿಗೆ ಹೋಗಿದ್ದ. ಮೊದಲ ಸಲ ಸಾಹೇಬರು ಮೀಟಿಂಗಿನಲ್ಲಿದ್ದರು. ಎರಡನೇ ಸಲ ಸರ್ವರ್ ಇರಲಿಲ್ಲ. ಮೂರನೇ ಸಲ ಒಂದನೆಯ ತರಗತಿಯಿಂದ ಹತ್ತರವರೆಗೆ ಇಲ್ಲೇ ಓದಿದ್ದಕ್ಕೆ ಕೊಟ್ಟ ಶಾಲೆಯ ದಾಖಲೆಯಲ್ಲಿ ಊರಿನ ಹೆಸರು ಬರೀ ಕೊಟ್ನೆಕಲ್ ಎಂದಿತ್ತು, ಹಿರೇ ಇರಲಿಲ್ಲ. "ಚಿಕ್ಕಕೊಟ್ನೆಕಲ್ ಬ್ಯಾರೆ ಅದಲ್ಲಪಾ, ನೀ ಯಾವ ಕೊಟ್ನೆಕಲ್ಲವ ಅಂತ ನಾವು ಹೆಂಗ ತಿಳಕೋಬೇಕು?" ಎಂದರಂತೆ. ಎರಡೂ ಇರುವುದು ಮಾನ್ವಿ ತಾಲ್ಲೂಕಿನಲ್ಲೇ, ಎರಡಕ್ಕೂ ಅದೇ ಜೆ. ಆದರೂ ಹಿರೇ ಬೇಕಿತ್ತು. ದೇಶದ ಎರಡು ಸದನಗಳಲ್ಲಿ ಹಿರಿದು ಯಾವುದು, ಕಿರಿದು ಯಾವುದು ಎಂಬುದಕ್ಕೂ ಇಷ್ಟು ಚರ್ಚೆಯಾಗಿರಲಾರದು.

ಅನುಚ್ಛೇದ ಓದಿದವರಿಗೆ ಇನ್ನೊಂದು ಮಾತು ತಿಳಿದಿರುತ್ತದೆ. ಅದು ನೌಕರಿ ಕೊಡುತ್ತೇನೆ ಎನ್ನುವುದಿಲ್ಲ. ರಾಷ್ಟ್ರಪತಿ ಆದೇಶ ಹೊರಡಿಸಬಹುದು, ರಾಜ್ಯಪಾಲರಿಗೆ ವಿಶೇಷ ಹೊಣೆ ವಹಿಸಬಹುದು, ಎಲ್ಲ ಬಹುದು. ನೇಮಕ ಮಾಡಬೇಕಾದವರು ಅಧಿಸೂಚನೆ ಹೊರಡಿಸಲೂಬಹುದು. ಹೊರಡಿಸಿದ ಮೇಲೆ ಪರೀಕ್ಷೆ ಮುಂದೂಡಬಹುದು, ಯಾರೋ ಕೋರ್ಟಿಗೆ ಹೋಗಬಹುದು. ಹುಡುಗನ ವಯಸ್ಸು ಮಾತ್ರ ಬಹುದು ಎನ್ನುವುದಿಲ್ಲ, ಏರುತ್ತದೆ. ಖಾಲಿ ಹುದ್ದೆಯ ಎಂಬತ್ತರಷ್ಟು ಮೀಸಲಿಟ್ಟರೂ ಉಳಿಯುವುದು ಖಾಲಿಯ ಎಂಬತ್ತೇ.

ಕಾನೂನಿಗೆ ಕೈ ಹಾಕದಿದ್ದರೆ ನಮ್ಮವರು ಕೇಳಿಯಾದರೂ ತಂದರೇ ಎಂದು ನೋಡೋಣ. ಐಐಟಿ ಕೇಳಿದೆವು. ಅದು ಧಾರವಾಡಕ್ಕೆ ಹೋಗಿ 2016ರಲ್ಲಿ ಶುರುವಾಯಿತು. ನಮಗೆ ಐಐಐಟಿ ಕೊಟ್ಟರು, ಒಂದು ಐ ಹೆಚ್ಚಿಗೇ ಹಾಕಿ. 2019ರಲ್ಲಿ ರಾಯಚೂರಿನ ಐಐಐಟಿ ಪಾಠ ಆರಂಭಿಸಿದ್ದು ಹೈದರಾಬಾದ್ ಐಐಟಿಯ ಆವರಣದಲ್ಲಿ. ಡಾ. ಮೇಲ್ಕೋಟೆಯವರ ದಾರಿಯೇ ಅದು. ಏಮ್ಸ್ ಕೇಳಿ 2022ರ ಮೇ 13ರಿಂದ ರಾಯಚೂರಿನಲ್ಲಿ ಧರಣಿ ಕೂತರು. ಸಾವಿರ ದಿನ ದಾಟಿತು. ಲೆಕ್ಕ ಹಾಕಿ: ಲೋಕಸಭೆ ಐದು ವರ್ಷದಲ್ಲಿ ಕೂತದ್ದು 274 ದಿನ, ಅದರ ಬಾಗಿಲಿಗೆ ಬೇಡಲು ನಮ್ಮವರು ಮೂರು ವರ್ಷದೊಳಗೆ ಕೂತದ್ದು ಸಾವಿರ. ಸಂಸದೀಯ ಪರಂಪರೆ ಎಂದರೆ ಕೂಡುವುದೇ ಆದರೆ ರಾಯಚೂರಿನ ಆ ಟೆಂಟನ್ನೇ ಸಂಸತ್ತೆಂದು ಘೋಷಿಸಬೇಕಿತ್ತು.

ರೈಲಿನ ಕಥೆ ಇನ್ನೂ ಚೆಂದ. ಮುನಿರಾಬಾದಿನಿಂದ ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರು ಮೇಲೆ ಮೆಹಬೂಬನಗರಕ್ಕೆ ಹೋಗುವ ಹಳಿ ಮಂಜೂರಾದದ್ದು 1997-98ರಲ್ಲಿ. ಸಿಂಧನೂರಿಗೆ ರೈಲು ಬಂದದ್ದು 2024ರ ಮಾರ್ಚಿನಲ್ಲಿ. ನಡುವೆ 2013ರ ಜೂನ್‌ನಿಂದ 2014ರ ಮೇವರೆಗೆ ರೈಲ್ವೆ ಮಂತ್ರಿಯಾಗಿದ್ದವರು ನಮ್ಮ ಪಕ್ಕದ ಜಿಲ್ಲೆಯ ಖರ್ಗೆಯವರೇ. ಅಶೋಕನ ಶಾಸನ ಬರೆದ ಕಾಲದಲ್ಲಿ ಎತ್ತಿನ ಗಾಡಿ ಕಟ್ಟಿದ್ದರೂ ಗಂಗಾವತಿಯಿಂದ ಹೊರಟದ್ದು ಇಷ್ಟು ಹೊತ್ತಿಗೆ ಪಾಟಲಿಪುತ್ರ ಮುಟ್ಟಿ, ಎತ್ತಿಗೆ ನೀರು ಕುಡಿಸಿ, ವಾಪಸ್ ಬಂದಿರುತ್ತಿತ್ತು. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಿಂದ ರಾಜ್ಯಕ್ಕೆಲ್ಲ ಬೆಳಕು ಕೊಡುತ್ತದೆ. ಎಂಟು ಘಟಕ, 1,720 ಮೆಗಾವಾಟ್. ಬೂದಿ ನಮಗೆ, ಬೆಳಕು ಬೆಂಗಳೂರಿಗೆ. ಹಟ್ಟಿಯ ಚಿನ್ನದ ಮಾತು ಬೇಡ. ಹೊಟ್ಟೆ ಉರಿಯುತ್ತದೆ, ಮಿರ್ಚಿ ಬೇರೆ ತಿಂದಿದ್ದೇನೆ.

ಇಷ್ಟಕ್ಕೂ ನಮ್ಮ ಬದುಕಿನ ಶಾಸನ ಬರೆಯುವವರು ದೆಹಲಿಯಲ್ಲಿಲ್ಲ. ತುಂಗಭದ್ರಾ ಎಡದಂಡೆಗೆ ನೀರು ಯಾವತ್ತು ಬಿಡಬೇಕು, ಯಾವತ್ತು ನಿಲ್ಲಿಸಬೇಕೆಂದು ಹೇಳುವ ನೀರಾವರಿ ಸಲಹಾ ಸಮಿತಿಯೇ ಇಲ್ಲಿನ ಪಾರ್ಲಿಮೆಂಟು. ಆ ಸಭೆಯ ಸುದ್ದಿಗೆ ಹೋಟೆಲಿನಲ್ಲಿ ಉಸಿರು ಬಿಗಿಹಿಡಿದು ಕಾಯುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕಿತ್ತುಕೊಂಡು ಹೋದಾಗ ನಮ್ಮ ದೊಡ್ಡಪ್ಪ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಹೊಸ ಸಂಸತ್ ಭವನ ಉದ್ಘಾಟನೆಯಾದ ದಿನ ಅವರು ಎರಡು ಸಲ ಉಂಡಿದ್ದರು.

"ಹಂಗಾರ ನಮ್ಮ ಎಂಪಿಗಳ ಕಾನೂನು ಸೊನ್ನಿ ಅಂತ ಬರಕೊಳ್ಳಲೇನು?" ಎಂದ ಹುಡುಗ, ಪೆನ್ನು ತೆಗೆದು.

"ಬರಕೋಬ್ಯಾಡ," ಎಂದರು ದೊಡ್ಡಪ್ಪ. "ಮೊದಲ ತಂಗುದಾಣದ ಲೆಕ್ಕ ಬಗಿಹರೀಲಿ. ಆ ಕಲ್ಲು ಹುಡುಕೂಣು. ಅದರಾಗ ಹೆಸರು, ತಾರೀಕು ಎಲ್ಲಾ ಅದ."

ಆರು ಜನ ಎದ್ದೆವು. ಕಲ್ಲು ಬಹಳ ದೂರ ಹೋಗಿರಲಿಲ್ಲ. ಹೋಟೆಲಿನ ಹಿಂದಿನ ಓಣಿಯಲ್ಲಿ ನಳದ ಪಕ್ಕ ಅಡ್ಡ ಮಲಗಿತ್ತು, ಎರಡು ಇಟ್ಟಂಗಿಯ ಮೇಲೆ, ನೀರು ಹರಿಯಲೆಂದು ತುಸು ವಾರೆಯಾಗಿ. ಮೇಲಿನ ಮಗ್ಗುಲು ನುಣ್ಣಗೆ ಹೊಳೆಯುತ್ತಿತ್ತು, ಒಂದು ಅಕ್ಷರವಿಲ್ಲ. ಅವ್ವ ಒಬ್ಬಳು ಅದರ ಮೇಲೆ ಕೌದಿ ಹಾಕಿ ಒಗೆಯುತ್ತಿದ್ದಳು.

"ಯವ್ವಾ, ಇದು ಬಸ್ ಸ್ಟ್ಯಾಂಡಿನ ಕಲ್ಲಲ್ಲೇನು? ಹೆಸರು ಎಲ್ಲದಾವ?"

"ಹೆಸರಿದ್ದ ಮಗ್ಗಲ ಕೆಳಗ ಹಾಕೀನಿ," ಎಂದಳು, ಕೈ ನಿಲ್ಲಿಸದೆ. "ಮೇಲಿದ್ರ ಅಕ್ಷರದಾಗ ಸಾಬಾಣ ಸಿಕ್ಕೋತಿತ್ತು."

ತಿರುವಿ ನೋಡೋಣವೆಂದು ನಾಲ್ಕು ಮಂದಿ ಕೈ ಹಾಕಿದೆವು. ಕಲ್ಲು ಜಗ್ಗಲಿಲ್ಲ. ಚಹಾದ ದುಡ್ಡು ಹುಡುಗನೇ ಕೊಟ್ಟ.